ಬೇಳೆ ಬೇಯದ ಅಂಗಡಿಗೆ ಯಾಕೆ ಹೋಗ್ತೀರ?

ಮ್ಯೂನಿಕ್‌ನಲ್ಲಿರೋ ಮಗಳ ಮನೆಗೆ ಹೋದಾಗ, ಸೂಟ್‌ಕೇಸ್ ಬಿಚ್ಚೋದಕ್ಕೆ ಮುಂಚೆ ನಾನು ಮಾಡೋ ಕೆಲಸ ಅಡುಗೆಮನೆ ಡಬ್ಬಗಳ ಮುಚ್ಚಳ ತೆಗೆದು ನೋಡೋದು. ಹೋದ ಸಲ ಕಂಡಿದ್ದು ಏನು ಗೊತ್ತಾ? ಬೆರಳುದ್ದದ ಗಾಜಿನ ಸೀಸೇಲಿ ಜೀರಿಗೆ. ಅಂಥದ್ದೇ ಇನ್ನೊಂದರಲ್ಲಿ ಅರಿಶಿನ. ಮನೆ ಕೆಳಗಿನ ಸೂಪರ್‌ಮಾರ್ಕೆಟ್‌ದಂತೆ. ಒಂದು ಬಿಸಿಬೇಳೆಬಾತಿಗೆ ಸೀಸೆ ಖಾಲಿ! ಬಾಲ್ಕನೀಲಿ ಒಂದು ರಟ್ಟಿನ ಪೆಟ್ಟಿಗೆ ಇತ್ತು, ಅದರಲ್ಲಿ ಆನ್‌ಲೈನ್ ಇಂಡಿಯನ್ ಅಂಗಡಿಯಿಂದ ಅಕ್ಕಿ ಜೊತೆ ತರಿಸಿದ ಆಲೂಗಡ್ಡೆ. ಊಟಕ್ಕೆ ಮೂರು ಹೊತ್ತೂ ಆಲೂಗಡ್ಡೆ ತಿನ್ನೋ ದೇಶದಲ್ಲಿ ಕೂತು ಆಲೂಗಡ್ಡೇನ ಪಾರ್ಸೆಲ್‌ನಲ್ಲಿ ತರಿಸ್ತೀಯಲ್ಲೇ ಅಂದೆ. "ಎಲ್ಲಾ ಒಂದೇ ಕಡೆ ಸಿಗತ್ತಲ್ಲಮ್ಮ, ಟೈಮ್ ಎಲ್ಲಿದೆ" ಅಂದ್ಲು. ಆಮೇಲೆ ಅರ್ಧ ಗಂಟೆ ಫೋನ್ ಉಜ್ಜುತ್ತಾ ಕೂತಿದ್ಲು, ಅದಕ್ಕೆ ಟೈಮ್ ಇತ್ತು.

ಈ "ಒಂದೇ ಕಡೆ" ಅನ್ನೋ ಮಾತೇ ನನಗೆ ಆಗಿಬರಲ್ಲ. ಮೈಸೂರಲ್ಲಿ ನಾವು ಹಾಗೆ ಸಂಸಾರ ಮಾಡಿದವರಲ್ಲ. ಬೇಳೆಕಾಳಿಗೆ ಸಂತೇಪೇಟೆ, ಹೂವು ವೀಳ್ಯದೆಲೆ ಬಾಳೆಹಣ್ಣಿಗೆ ದೇವರಾಜ ಮಾರ್ಕೆಟ್, ಬೆಲ್ಲಕ್ಕೆ ಮಂಡ್ಯ ಕಡೆಯಿಂದ ಯಾರಾದ್ರೂ ಬರ್ತಾರಾ ಅಂತ ಕಾಯೋದು. ಯಾಕೆ ಅಂದ್ರೆ, ಯಾವ ಅಂಗಡೀಲಿ ಯಾವ ಸಾಮಾನು ದಿನಾ ಖರ್ಚಾಗುತ್ತೋ ಅಲ್ಲಿ ಅದು ಹೊಸದಾಗಿರುತ್ತೆ. ಧೂಳು ತಿಂದು ಕೂತಿರೋ ಸಾಮಾನು ಎಷ್ಟು ಅಗ್ಗ ಆದ್ರೇನು? ಪರದೇಶಕ್ಕೆ ಹೋದ ತಕ್ಷಣ ಈ ಲೆಕ್ಕ ಯಾಕೆ ಮರೆತುಹೋಗುತ್ತೋ ಕಾಣೆ. ಜರ್ಮನಿಯವರು ದಿನಾ ತಿನ್ನೋದನ್ನ ಜರ್ಮನಿಯವರ ಅಂಗಡೀಲಿ, ಟರ್ಕಿಯವರು ತಿನ್ನೋದನ್ನ ಟರ್ಕಿಯವರ ಅಂಗಡೀಲಿ, ನಾವು ಮಾತ್ರ ತಿನ್ನೋದನ್ನ ನಮ್ಮವರ ಅಂಗಡೀಲಿ ತಗೊಳ್ಳಿ. ಇಷ್ಟೇ ಸೂತ್ರ.

ಆಲ್ಡಿ, ಲಿಡ್ಲ್ ಅಂತ ಇವೆಯಲ್ಲ, ಅಗ್ಗದ ಅಂಗಡಿ ಅಂತ ಮೂಗು ಮುರೀಬೇಡಿ. ಹಾಲು, ಬೆಣ್ಣೆ, ಎಲೆಕೋಸು, ಕ್ಯಾರೆಟ್, ಈರುಳ್ಳಿ, ಆಲೂಗಡ್ಡೆ, ಉಪ್ಪು, ಸೂರ್ಯಕಾಂತಿ ಎಣ್ಣೆಗೆ ಅಲ್ಲಿಗೇ ಹೋಗಿ. ಗಾಡಿ ಬಿಡಿಸ್ಕೊಳ್ಳೋಕೆ ಒಂದು ಯೂರೋ ನಾಣ್ಯ ಕೈಯಲ್ಲಿರಲಿ, ಚೀಲ ಮನೆಯಿಂದ ಒಯ್ಯಿರಿ. ಬಿಲ್ ಹಾಕೋ ಹುಡುಗಿ ಸಾಮಾನನ್ನ ಮಿಂಚಿನ ಹಾಗೆ ತಳ್ಳುತ್ತಾಳೆ, ಅಲ್ಲೇ ನಿಂತು ಜೋಡಿಸ್ತಾ ಕೂತ್ರೆ ಹಿಂದಿನವರು ಉರಿಗಣ್ಣು ಬಿಡ್ತಾರೆ. ಗಾಡಿಗೆ ಸುರ್ಕೊಂಡು ಪಕ್ಕಕ್ಕೆ ಹೋಗಿ ಜೋಡಿಸ್ಕೊಳ್ಳಿ. ಬೆಲೆ ಚೀಟಿ ಕೆಳಗೆ ಸಣ್ಣ ಅಕ್ಷರದಲ್ಲಿ ಕಿಲೋಗೆ ಎಷ್ಟು ಅಂತ ಬರೆದಿರ್ತಾರೆ. ಬರೀಲೇಬೇಕು ಅಂತ ಅಲ್ಲಿ ಕಾನೂನಿದೆ. ನಮ್ಮ ಮಕ್ಕಳು ಇಂಜಿನಿಯರಿಂಗ್ ಓದಿದವರು, ದೊಡ್ಡ ಅಕ್ಷರ ಮಾತ್ರ ಓದ್ತಾರೆ. ಆ ಜೀರಿಗೆ ಸೀಸೆಯ ಸಣ್ಣ ಅಕ್ಷರ ಓದಿದ್ದಿದ್ರೆ ಅಲ್ಲೇ ಇಟ್ಟು ಬರ್ತಿದ್ಲು.

ತುಪ್ಪಾನ ಡಬ್ಬದಲ್ಲಿ ಕೊಳ್ಳೋರನ್ನ ಕಂಡ್ರೆ ನನಗೆ ಬೇಜಾರು. ಅಲ್ಲಿ ಬೆಣ್ಣೆ ಕಾಲು ಕಿಲೋ ಕಟ್ಟುಗಳಲ್ಲಿ ಸಿಗುತ್ತೆ, ಅದರಲ್ಲೂ ಬೇರೆ ಬೇರೆ ಥರ. ಸಾವರ್‌ರಾಮ್‌ಬುಟರ್ ಅಂತ ಬರೆದಿರೋದು ಹುಳಿ ಬಂದ ಕೆನೆಯ ಬೆಣ್ಣೆ, ಅಂದ್ರೆ ನಮ್ಮ ಮೊಸರು ಕಡೆದ ಬೆಣ್ಣೆಗೆ ಹತ್ತಿರದ ನೆಂಟ. ಅದನ್ನ ಕಾಯಿಸಿದ್ರೆ ಮನೆ ತುಂಬ ಅದೇ ವಾಸನೆ. ಕೊನೇಲಿ ಎರಡು ವೀಳ್ಯದೆಲೆ ಚೂರು ಹಾಕೋದು ನಮ್ಮ ಪದ್ಧತಿ, ಅಲ್ಲಿ ಎಲೆ ಎಲ್ಲಿಂದ ತರೋದು, ನಾಲ್ಕು ಮೆಂತ್ಯದ ಕಾಳು ಹಾಕಿ. ಸೂಸ್‌ರಾಮ್ ಅಂತ ಇರೋದು ಸಿಹಿ ಕೆನೆಯದು, ತುಪ್ಪ ಆಗುತ್ತೆ, ಆದ್ರೆ ಮೂಗಿಗೆ ಏನೂ ಹೇಳಲ್ಲ.

ರವೆ ವಿಷಯಕ್ಕೆ ಬಂದ್ರೆ, ಗ್ರೀಸ್ ಅಂತ ಬರೆದ ಪೊಟ್ಟಣ ಕಂಡ ಕೂಡಲೇ ಹೊತ್ಕೊಂಡು ಬರ್ತಾರೆ, ಉಪ್ಪಿಟ್ಟು ಅಂಟು ಅಂಟು ಆದಾಗ ನನಗೆ ಫೋನ್ ಮಾಡ್ತಾರೆ. ಅದರ ಹೆಸರಿನ ಶುರುವಿನಲ್ಲಿ ವೈಶ್ ಅಂತಿದ್ರೆ ಮೆತ್ತನೆ ಗೋಧಿದು, ಮಗುವಿಗೆ ಸರಿ ಮಾಡೋಕೆ ಸರಿ. ಹಾರ್ಟ್ ಅಂತಿದ್ರೆ ಗಟ್ಟಿ ಗೋಧಿದು, ಉಪ್ಪಿಟ್ಟಿಗೆ ಅದೇ. ಹಿಟ್ಟಿನ ಪೊಟ್ಟಣದ ಮೇಲೆ 405, 550, 1050 ಅಂತ ನಂಬರ್ ಇರುತ್ತೆ. ನೂರು ಗ್ರಾಂ ಹಿಟ್ಟನ್ನ ಸುಟ್ರೆ ಅಷ್ಟು ಮಿಲಿಗ್ರಾಂ ಬೂದಿ ಉಳಿಯುತ್ತೆ ಅಂತ ಅದರ ಅರ್ಥವಂತೆ. ನಮಗೆ ಬೂದಿ ಕಟ್ಕೊಂಡು ಏನಾಗಬೇಕು, 405 ಅಂದ್ರೆ ಮೈದಾ, ನಂಬರ್ ಏರಿದ ಹಾಗೆ ತವುಡು ಜಾಸ್ತಿ, ಅಷ್ಟು ತಿಳಿದ್ರೆ ಸಾಕು. ಒಬ್ಬಟ್ಟಿನ ಕಣಕಕ್ಕೆ 405 ಚೆನ್ನಾಗಿ ಎಳೆಯುತ್ತೆ. ಚಪಾತಿಗೆ ಮಾತ್ರ ನಮ್ಮವರ ಅಂಗಡಿಯ ಗೋಧಿ ಹಿಟ್ಟೇ ಆಗಬೇಕು.

ಮ್ಯೂನಿಕ್ ದೊಡ್ಡ ರೈಲ್ವೆ ಸ್ಟೇಷನ್ನಿನ ದಕ್ಷಿಣಕ್ಕೆ ಗೋಯ್ಟೆ ಬೀದಿ, ಲಾಂಡ್‌ವೇರ್ ಬೀದಿ ಅಂತ ಇವೆ, ಅಲ್ಲಿ ಸಾಲಾಗಿ ಟರ್ಕಿಯವರ ಅಂಗಡಿ. ಮೊದಲ ಸಲ ಹೋದಾಗ ನನಗೆ ಜೀವ ಬಂದ ಹಾಗಾಯ್ತು. ತರಕಾರಿ ಬೀದಿವರೆಗೆ ಹರಡಿರ್ತಾರೆ, ಮುಟ್ಟಿ ನೋಡಿ ಆರಿಸ್ಕೋಬಹುದು. ಬದನೆಕಾಯಿ, ಬೆಂಡೆಕಾಯಿ, ಪುದೀನ, ದಾಳಿಂಬೆ, ಬಿಳಿ ಎಳ್ಳು, ಕಾಬೂಲಿ ಕಡಲೆ ಎಲ್ಲಾ ಅಲ್ಲಿ. ಬಕೆಟ್ ಬಕೆಟ್ ಮೊಸರು. ಅವರ ಉದ್ದನೆ ಹಸಿಮೆಣಸಿನಕಾಯಿ ನಂಬಿ ಹುಳಿ ಮಾಡಬೇಡಿ, ಖಾರವೇ ಇರಲ್ಲ, ಬಜ್ಜಿಗೆ ಮಾತ್ರ ಬಲು ಚೆನ್ನ. ಕೆಂಪು ಬೇಳೆ ಇರುತ್ತಲ್ಲ, ಅದು ಮಸೂರ್, ತೊಗರಿ ಅಲ್ಲ. ಕೊತ್ತಂಬರಿ ಸೊಪ್ಪಿನ ಪಕ್ಕದಲ್ಲೇ ಪೀಟರ್‌ಸಿಲಿ ಅಂತ ಅದರ ಅಕ್ಕನ ಹಾಗಿರೋ ಒಂದು ಸೊಪ್ಪು ಇಟ್ಟಿರ್ತಾರೆ. ನಮ್ಮ ಅಳಿಯಂದಿರು ಎರಡು ಸಲ ಅದನ್ನೇ ತಂದ್ರು. ಸಾರಿಗೆ ಹಾಕಿದ್ರೆ ಹುಲ್ಲು ಕುದಿಸಿದ ಹಾಗಾಯ್ತು. ಒಂದೆಲೆ ಕಿತ್ತು ಉಜ್ಜಿ ಮೂಸಿ ನೋಡೋಕೆ ಏನು ಕಷ್ಟ? ಡಿಗ್ರಿ ಬೇಕಾ ಅದಕ್ಕೆ?

ಥಾಯ್, ವಿಯೆಟ್ನಾಂನವರ ಅಂಗಡಿ ಇನ್ನೊಂದು. ತುರಿದು ಹೆಪ್ಪುಗಟ್ಟಿಸಿದ ತೆಂಗಿನಕಾಯಿ, ಬಾಳೆಎಲೆ, ಸಣ್ಣ ಖಾರದ ಮೆಣಸಿನಕಾಯಿ ಅಲ್ಲಿ ತಗೊಳ್ಳಿ. ಎಳ್ಳೆಣ್ಣೆ ಮಾತ್ರ ಬೇಡ, ಅವರದು ಹುರಿದ ಎಳ್ಳಿಂದ ತೆಗೆದ ಕಪ್ಪು ಎಣ್ಣೆ, ಗೊಜ್ಜಿಗೆ ಹಾಕಿದ್ರೆ ಗೊಜ್ಜು ಕೆಡುತ್ತೆ, ಜೊತೆಗೆ ನಿಮ್ಮ ಮನಸ್ಸೂ.

ಇನ್ನು ನಮ್ಮವರ ಅಂಗಡಿ. ತೊಗರಿಬೇಳೆ, ಉದ್ದಿನಬೇಳೆ, ಸೋನಾ ಮಸೂರಿ, ಇಂಗು, ಹುಣಸೆಹಣ್ಣು, ರಾಗಿ ಹಿಟ್ಟು, ಬೆಲ್ಲ ಇವಕ್ಕೆ ಬೇರೆ ದಾರಿ ಇಲ್ಲ. ಆದ್ರೆ ಒಂದು ಊರಲ್ಲಿ ಮೂರು ನಾಲ್ಕು ಅಂಗಡಿ ಇದ್ರೆ ಯಾವುದಕ್ಕೆ ಹೋಗೋದು? ಹತ್ತಿರದ್ದು ಅಂತೀರ, ಕನ್ನಡದಲ್ಲಿ ಮಾತಾಡ್ತಾರೆ ಅಂತೀರ. ಮಾತು ಬೇಳೆ ಬೇಯಿಸಲ್ಲ ಕಣ್ರಮ್ಮ. ನಾನು ಒಂದೇ ಒಂದು ಪರೀಕ್ಷೆ ಮಾಡೋದು, ತೊಗರಿಬೇಳೆ ಪರೀಕ್ಷೆ. ತೊಗರಿಬೇಳೆ ಹೊಸದಿದ್ರೆ ಆ ಅಂಗಡೀಲಿ ವ್ಯಾಪಾರ ಓಡ್ತಿದೆ ಅಂತ, ಉಳಿದ ಸಾಮಾನನ್ನೂ ನಂಬಬಹುದು.

ಇದನ್ನ ಕಲಿಸಿದ್ದು ನಮ್ಮತ್ತೆ. ಮದುವೆಯಾದ ಹೊಸದರಲ್ಲಿ ಸಂತೇಪೇಟೆಗೆ ಕರ್ಕೊಂಡು ಹೋಗೋರು. ಮಡಿಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೇಳೆ ಮೂಟೆಯೊಳಗೆ ಮೊಣಕೈವರೆಗೆ ಕೈ ಇಳಿಸೋರು. ಒಳಗೆ ತಣ್ಣಗಿದ್ರೆ ಸರಿ, ಬೆಚ್ಚಗಿದ್ರೆ ಹುಳ ಹಿಡಿದಿದೆ, ಮುಂದಿನ ಅಂಗಡಿ. ಆಮೇಲೆ ಎರಡು ಬೇಳೆ ಬಾಯಿಗೆ ಹಾಕಿ ಕಚ್ಚೋರು. ಟಕ್ ಅಂತ ಒಡೀಬೇಕು. ಅಂಗಡಿಯವನು "ಗುಲ್ಬರ್ಗದ ಮಾಲು ತಾಯಿ" ಅಂದ್ರೆ, "ಅದನ್ನ ನನ್ನ ಹಲ್ಲು ಹೇಳಲಿ" ಅನ್ನೋರು. ನಾನು ನಾಚಿಕೆಯಿಂದ ಕಂಬದ ಹಿಂದೆ ನಿಂತಿರ್ತಿದ್ದೆ.

ಪ್ಲಾಸ್ಟಿಕ್ ಪೊಟ್ಟಣದೊಳಗೆ ಕೈ ಇಳಿಸೋಕಾಗಲ್ಲ. ಅದಕ್ಕೇ ನಾನು ಈ ಪರೀಕ್ಷೆ ಮಾಡ್ಕೊಂಡಿರೋದು. ಒಂದೊಂದು ಅಂಗಡಿಯಿಂದಲೂ ಅತಿ ಸಣ್ಣ ಪೊಟ್ಟಣ ಒಂದೊಂದು ತನ್ನಿ. ತರುವಾಗಲೇ ಪೊಟ್ಟಣಾನ ಬೆಳಕಿಗೆ ಹಿಡಿದು ಓರೆ ಮಾಡಿ ಅಲ್ಲಾಡಿಸಿ, ಮೂಲೇಲಿ ಬಿಳಿ ಪುಡಿ ಜಾರಿ ಬಂದ್ರೆ ಹುಳ ಕೊರೆದಿದೆ, ಅಲ್ಲೇ ಇಟ್ಟುಬಿಡಿ. ಕಪಾಟಿನ ಮುಂದಿನದು ತಗೋಬೇಡಿ, ಹಿಂದೆ ಕೈ ಹಾಕಿ ತೆಗೀರಿ. ಎಣ್ಣೆ ಸವರಿದ ಬೇಳೆ ಒಂದು, ಒಣ ಬೇಳೆ ಇನ್ನೊಂದು ಅಂತ ಬರುತ್ತೆ. ಹೋಲಿಸೋದು ಒಣದರ ಜೊತೆ ಒಣದನ್ನೇ.

ಮನೆಗೆ ಬಂದ ಮೇಲೆ ಒಂದೇ ಅಳತೆಯ ಮೂರು ಸ್ಟೀಲ್ ಲೋಟ ಇಡಿ. ಪ್ರತಿ ಲೋಟಕ್ಕೂ ಯಾವ ಅಂಗಡಿದು ಅಂತ ಚೀಟಿ ಅಂಟಿಸಿ. ನೆನಪಿರುತ್ತೆ ಅನ್ನಬೇಡಿ, ಇರಲ್ಲ. ಒಂದೊಂದು ಹಿಡಿ ಬೇಳೆ ಹಾಕಿ, ಬರೀ ಕೈಯಲ್ಲಿ ಎರಡು ಸಲ ತೊಳೀರಿ. ಈಗ ನೀರು. ನಲ್ಲಿ ನೀರು ಹಾಗೇ ಹಾಕಬೇಡಿ! ಮ್ಯೂನಿಕ್ ನೀರು ಗಡಸು, ಅದರ ಸುಣ್ಣ ಬೇಳೆಯನ್ನ ಬೇಯೋಕೆ ಬಿಡಲ್ಲ, ಆಮೇಲೆ ನೀವು ಪಾಪ ಅಂಗಡಿಯವನನ್ನ ಬೈತೀರ. ಕೆಟಲ್‌ನಲ್ಲಿ ನೀರನ್ನ ಚೆನ್ನಾಗಿ ಮರಳಿಸಿ, ಆರೋಕೆ ಬಿಡಿ. ಸುಣ್ಣದಲ್ಲಿ ಒಂದು ಪಾಲು ತಳಕ್ಕೆ ಇಳಿಯುತ್ತೆ. ಮೇಲಿನ ತಿಳಿ ಬಗ್ಗಿಸ್ಕೊಂಡು, ಅದನ್ನ ಬೆರಳು ಇಟ್ರೆ ಸುರುಕ್ ಅನ್ನೋಷ್ಟು ಮತ್ತೆ ಬಿಸಿ ಮಾಡಿ, ಮೂರಕ್ಕೂ ಒಂದೇ ಸಲಕ್ಕೆ ಹಾಕಿ, ಬೇಳೆ ಮೇಲೆ ಎರಡು ಬೆರಳು ನಿಲ್ಲೋ ಹಾಗೆ. ತಟ್ಟೆ ಮುಚ್ಚಿ. ಕೆಟಲ್ ತಳದ ಬಿಳಿ ಹಕ್ಕಳೆ ನೋಡಿ ಹೆದರಬೇಡಿ, ಅದನ್ನ ತೆಗೆಯೋಕೆ ಅಲ್ಲಿ ಎಸ್ಸಿಗ್‌ಎಸೆನ್ಸ್ ಅಂತ ಘಾಟಿನ ವಿನಿಗರ್ ಸಿಗುತ್ತೆ. ಅದು ಬಲು ಜೋರು, ನೀರು ಬೆರೆಸದೆ ಸುರೀಬೇಡಿ. ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ತೊಳೆದ್ರೆ ಹೊಸದರ ಹಾಗೆ. ನಾವು ಬಚ್ಚಲ ತಾಮ್ರದ ಹಂಡೆಗೆ ಹುಣಸೆಹಣ್ಣು ಉಜ್ಜಿ ಕೈ ಸುಲಿಸ್ಕೊಂಡೋರು, ಇವರಿಗೆ ಒಂದು ಕೆಟಲ್ ತೊಳೆಯೋಕೆ ಸೋಮಾರಿತನ.

ನೀವು ಹೋಗಿ ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ಕಾಫಿ ಕುಡಿದು ನಿಧಾನಕ್ಕೆ ಬನ್ನಿ. ಪ್ರತಿ ಲೋಟದ ಮಧ್ಯದಿಂದ ನಾಲ್ಕು ಬೇಳೆ ತೆಗೆದು ಹೆಬ್ಬೆರಳ ಉಗುರಿನಲ್ಲಿ ಚಿವುಟಿ. ಹೊಸ ಬೇಳೆ ಬೆಣ್ಣೆ ಗಟ್ಟಿಯಾದ ಹಾಗೆ ಉಗುರಿಗೆ ಸಿಗುತ್ತೆ, ಒಳಗೂ ಹೊರಗೂ ಒಂದೇ ಬಣ್ಣ. ಹಳೇದಕ್ಕೆ ಹೊರಗೆ ಮೆತ್ತಗಾದ್ರೂ ನಟ್ಟನಡುವೆ ಬಿಳೀ ಗಟ್ಟಿ ಚುಕ್ಕೆ ಉಳಿದಿರುತ್ತೆ, ಉಗುರು ಜಾರುತ್ತೆ. ಸೆಕೆ, ತೇವದಲ್ಲಿ ತಿಂಗಳುಗಟ್ಟಲೆ ಕೂತ ಬೇಳೆ ಹೀಗೆ ಒಳಗೊಳಗೇ ಬಿಗಿದುಹೋಗಿರುತ್ತೆ. ಕುಕ್ಕರ್ ಹತ್ತು ಸಲ ಕೂಗಿದ್ರೂ ಅದು ಹುಳೀಲಿ ತಳ ಸೇರಿ ಕೂರುತ್ತೇ ಹೊರತು ಕರಗಲ್ಲ. ಹಾಗಂತ ಸೋಡಾ ಹಾಕಿ ಬೇಯಿಸೋರಿದ್ದಾರೆ, ಅಂಥವರ ಮನೇಲಿ ನಾನು ಊಟಕ್ಕೆ ಕೂರಲ್ಲ. ಹುಣಸೆಹಣ್ಣಿನ ರಸಾನ ಬೇಳೆ ಬೆಂದ ಮೇಲೆ ಹಾಕಿ ಅಂತ ಎಷ್ಟು ಸಲ ಹೇಳಿದ್ದೀನೋ. ಹುಳಿ ಬಿದ್ದ ಮೇಲೆ ಬೇಳೆ ಬೇಯೋ ಮಾತೇ ಇಲ್ಲ.

ಮೂರರಲ್ಲಿ ಗೆದ್ದ ಅಂಗಡಿ ನಿಮ್ಮ ಅಂಗಡಿ. ಬಸ್ಸು ಬದಲಾಯಿಸಿ ಹೋಗಬೇಕಾದ್ರೂ ತಿಂಗಳಿಗೊಂದು ಸಲ ಅಲ್ಲಿಗೇ ಹೋಗಿ. ಆರು ತಿಂಗಳಿಗೊಮ್ಮೆ ಮತ್ತೆ ಪರೀಕ್ಷೆ ಮಾಡಿ, ಅಂಗಡಿಗಳೂ ಮನುಷ್ಯರ ಹಾಗೆ ಕೆಡ್ತವೆ. ಹೋದಾಗ, ಕರಿಬೇವು ಯಾವ ವಾರ ಬರುತ್ತೆ ಅಂತ ಕೇಳಿಟ್ಕೊಳ್ಳಿ. ಅದೇ ದಿನ ಹೋದ್ರೆ ಹಸಿರಾಗಿ ಸಿಗುತ್ತೆ, ಎರಡು ದಿನ ತಡವಾದ್ರೆ ಕಪ್ಪು ಕಡ್ಡಿ. ಇಲ್ಲಿಂದಲೇ ಒಯ್ಯೋಣ ಅಂದ್ರೆ ಹಾಗೆಲ್ಲ ಬಿಡಲ್ಲ. 2019ರ ಡಿಸೆಂಬರ್‌ನಿಂದ ಯುರೋಪಿಗೆ ಹಣ್ಣು, ಸೊಪ್ಪು ಏನೇ ಒಯ್ದರೂ ಸರ್ಟಿಫಿಕೇಟ್ ಬೇಕು. ಅನಾನಸ್, ತೆಂಗಿನಕಾಯಿ, ಡುರಿಯನ್, ಬಾಳೆಹಣ್ಣು, ಖರ್ಜೂರ ಈ ಐದಕ್ಕೆ ಮಾತ್ರ ಬೇಡ. ನಾನು ಒಂದು ಸಲ ನಂಜನಗೂಡು ರಸಬಾಳೆ ಒಯ್ದೆ. ಯಾರೂ ತಡೀಲಿಲ್ಲ, ಆದ್ರೆ ಸೂಟ್‌ಕೇಸೊಳಗೇ ಅರ್ಧ ಪಾಯಸ ಆಗಿತ್ತು. ತುಪ್ಪ, ಖೋವಾ, ಹಾಲಿನ ಯಾವ ಪದಾರ್ಥವೂ ಬೇಡ, ಕಿತ್ಕೊಳ್ತಾರೆ.

ಭಾನುವಾರ ಅಲ್ಲಿ ಅಂಗಡಿಗಳೆಲ್ಲ ಬಂದ್, ಉಳಿದ ದಿನ ರಾತ್ರಿ ಎಂಟಕ್ಕೆ ಬಾಗಿಲು. ಆಗಸ್ಟ್ 15 ಅಲ್ಲೂ ರಜ, ನಮ್ಮ ಸ್ವಾತಂತ್ರ್ಯಕ್ಕಲ್ಲ, ಮೇರಿಮಾತೆ ಹಬ್ಬಕ್ಕೆ. ಇದು ಗೊತ್ತಿಲ್ಲದೆ ವರಮಹಾಲಕ್ಷ್ಮಿ ಹಬ್ಬದ ಸಾಮಾನನ್ನ ಆ ದಿನ ತರ್ತೀನಿ ಅಂತ ಮಗಳು ಕೂತಿದ್ಲು.

ನಾನು ಊರಿಗೆ ಬಂದ ಮೇಲೆ ಮೊನ್ನೆ ಅಳಿಯಂದಿರು ಫೋನ್ ಮಾಡಿದ್ರು. "ಅತ್ತೆ, ಪರೀಕ್ಷೆ ಮಾಡಿದೆ, ಒಂದು ಲೋಟದ ಬೇಳೆ ನೀವು ಹೇಳಿದ ಹಾಗೇ ಬೆಣ್ಣೆ ಥರ ಸಿಕ್ತು" ಅಂದ್ರು. ಸಂತೋಷ, ಯಾವ ಅಂಗಡಿದಪ್ಪಾ ಅಂದೆ. ಆ ಕಡೆ ಸದ್ದೇ ಇಲ್ಲ. ಚೀಟಿ ಅಂಟಿಸಿರಲಿಲ್ಲವಂತೆ.