ಒಂದು ಅಡ್ಡಗೆರೆಯ ಕೊರತೆ: ಪಿನ್ ಕಂಟ್ರೋಲರ್ ಬೈಂಡಿಂಗ್ ಅನ್ನು ಯಾಮೆಲ್‌ಗೆ ತಂದ ನನ್ನ ಅನುಭವ

ಮಂಗಳೂರಿನ ಬಿಜೈಯಲ್ಲಿರುವ ನಮ್ಮ ಪುಟ್ಟ ಕಚೇರಿಯಲ್ಲಿ ಲಿನಕ್ಸ್ ನಡೆಸುವ ಒಂದು ಸರ್ಕ್ಯೂಟ್ ಬೋರ್ಡ್ ಇದೆ. ಬೇಸಗೆಯಲ್ಲಿ ಅದರಿಂದ ಯಾವ ತಕರಾರೂ ಇರಲಿಲ್ಲ. ಜೂನ್‌ನಲ್ಲಿ ಮಳೆ ಹಿಡಿದೊಡನೆ ಮಾತ್ರ, ಮೆಮೊರಿ ಕಾರ್ಡ್ ಹಾಕದಿದ್ದರೂ ಕಾರ್ಡ್ ಬಂದಿದೆ ಎಂದು ಲಾಗ್‌ನಲ್ಲಿ ಬರೆಯುತ್ತಿತ್ತು. ಎರಡು ಮಳೆಗಾಲ ನಾವು ಸಾಕೆಟ್ಟನ್ನು ದೂರಿದೆವು, ಬೆಸುಗೆಯನ್ನು ದೂರಿದೆವು. ಕಾರಣ ಸಿಕ್ಕಿದ್ದು ಬೇರೆ ಕೆಲಸಕ್ಕೆ ಕೈಹಾಕಿದಾಗ. ಆ ಬೋರ್ಡಿನ ಚಿಪ್‌ನ ಪಿನ್‌ಗಳನ್ನು ನಿಯಂತ್ರಿಸುವ ಭಾಗವಾದ ಪಿನ್ ಕಂಟ್ರೋಲರ್‌ನ ಬೈಂಡಿಂಗ್ ಅನ್ನು, ಅಂದರೆ ಅದನ್ನು ವಿವರಿಸುವ ನಿಯಮಗಳನ್ನು, ಹಳೆಯ ಪಠ್ಯಕಡತದಿಂದ ಯಾಮೆಲ್ ಎಂಬ ಬರಹ ಕ್ರಮದ ಸ್ಕೀಮಾ (ಯಂತ್ರ ಪರೀಕ್ಷಿಸಬಲ್ಲ ನಿಯಮಪಟ್ಟಿ) ರೂಪಕ್ಕೆ ತರುತ್ತಿದ್ದೆ.

ಚಿಪ್‌ನ ಒಂದೇ ಪಿನ್ ಸೀರಿಯಲ್ ತಂತಿಯೂ ಆಗಬಹುದು, ಚಿಪ್‌ಗಳು ಮಾತಾಡಿಕೊಳ್ಳುವ ಐ2ಸಿ ತಂತಿಜೋಡಿಯ ಗಡಿಯಾರ ತಂತಿಯೂ ಆಗಬಹುದು, ಬರಿಯ ಜಿಪಿಐಒ (ಯಾವ ಕೆಲಸಕ್ಕೂ ಬಳಸಬಹುದಾದ ಸಾಮಾನ್ಯ ಪಿನ್) ಕೂಡ ಆಗಬಹುದು. ಮೇಳದ ಕಲಾವಿದ ಹಲವು ವೇಷ ಬಲ್ಲವನಾದರೂ ರಂಗಕ್ಕೆ ಬರುವಾಗ ಒಂದೇ ವೇಷದಲ್ಲಿ ಬರಬೇಕು. ಯಾವ ಪಿನ್‌ಗೆ ಯಾವ ವೇಷ ಎಂಬುದನ್ನು ಲಿನಕ್ಸ್‌ನಲ್ಲಿ ನೋಡಿಕೊಳ್ಳುವುದು ಪಿನ್‌ಕಂಟ್ರೋಲ್ ಉಪವ್ಯವಸ್ಥೆ. 2012ರ ಜನವರಿಯಲ್ಲಿ ಬಿಡುಗಡೆಯಾದ 3.2 ಆವೃತ್ತಿಯಲ್ಲಿ ಅದು ಬಂತು. ಬೋರ್ಡಿನ ವಿವರ ಇರುವುದು ಡಿವೈಸ್ ಟ್ರೀಯಲ್ಲಿ, ಅಂದರೆ ಬೋರ್ಡಿನಲ್ಲಿ ಏನೇನಿದೆ ಎಂದು ಕರ್ನಲ್‌ಗೆ (ಲಿನಕ್ಸ್‌ನ ತಿರುಳಿಗೆ) ತಿಳಿಸುವ ಕಡತದಲ್ಲಿ; ಅದರ ಒಂದೊಂದು ತುಣುಕು ಒಂದು ನೋಡ್, ನೋಡ್‌ನೊಳಗಿನ ಒಂದೊಂದು ಸಾಲು ಒಂದು ಗುಣ. ಆ ವಿವರವನ್ನು ಹೇಗೆ ಬರೆಯಬೇಕು ಎಂದು ಹೇಳುವ ವ್ಯಾಕರಣವೇ ಬೈಂಡಿಂಗ್. ಮೊದಲು ಈ ವ್ಯಾಕರಣವೆಲ್ಲ ಇಂಗ್ಲಿಷ್ ಗದ್ಯದಲ್ಲಿತ್ತು. ಮನುಷ್ಯ ಓದಬಹುದಿತ್ತು, ಯಂತ್ರ ಪರೀಕ್ಷಿಸುವಂತಿರಲಿಲ್ಲ. ದತ್ತಾಂಶದ ರೂಪ ಹೀಗಿರಬೇಕು ಎಂದು ಹೇಳುವ ಜೇಸನ್ ಸ್ಕೀಮಾದ ನಿಯಮಗಳನ್ನು ಯಾಮೆಲ್‌ನಲ್ಲಿ ಬರೆಯುವ ಪದ್ಧತಿ ಬಂದ ಮೇಲೆ ಯಂತ್ರವೂ ಓದತೊಡಗಿತು.

ಪಠ್ಯವನ್ನು ನೋಡಿ ಯಾಮೆಲ್‌ನಲ್ಲಿ ಟೈಪ್ ಮಾಡಿದರೆ ಮುಗಿಯಿತು ಎಂದುಕೊಂಡು ಒಂದು ಮಧ್ಯಾಹ್ನ ಕುಳಿತೆ. ಮುಗಿಯಲು ಮೂರು ವಾರ ಬೇಕಾಯಿತು. ಪಠ್ಯಕಡತ ಒಂದು ಹೇಳುತ್ತದೆ, ಹಾರ್ಡ್‌ವೇರ್ ನಡೆಸುವ ಕರ್ನಲ್ ಕೋಡ್ ಆದ ಡ್ರೈವರ್ ಇನ್ನೊಂದು ಮಾಡುತ್ತದೆ, ಬೋರ್ಡ್ ಕಡತಗಳಲ್ಲಿ ಮತ್ತೊಂದು ಇರುತ್ತದೆ. ಮೂರನ್ನೂ ಪಕ್ಕಪಕ್ಕ ಇಟ್ಟು ಓದದೆ ಒಂದು ಸಾಲನ್ನೂ ಬರೆಯಬಾರದು ಎಂಬುದು ಈಗ ನನ್ನ ಖಚಿತ ಅಭಿಪ್ರಾಯ.

ಪಿನ್ ಎಷ್ಟು ವಿದ್ಯುತ್ ಹರಿಸಬಲ್ಲದು ಎಂದು ಹೇಳುವ ಡ್ರೈವ್-ಸ್ಟ್ರೆಂತ್ ಗುಣವನ್ನೇ ನೋಡಿ. ಸಾಮಾನ್ಯ ಬೈಂಡಿಂಗ್ ಪ್ರಕಾರ ಅದರ ಮಾನ ಮಿಲಿಆಂಪಿಯರ್. ಚಿಪ್‌ನ ಕೈಪಿಡಿ ನೋಡಿ 2, 4, 8, 12 ಎಂದು ಬರೆದೆ. ಬೋರ್ಡ್ ಕಡತಗಳನ್ನು ಸ್ಕೀಮಾಕ್ಕೆ ಒಡ್ಡಿದಾಗ ಒಂದೂ ಪಾಸಾಗಲಿಲ್ಲ. ಎಲ್ಲ ಕಡೆಯೂ 0ರಿಂದ 3ರವರೆಗಿನ ಅಂಕಿಗಳೇ. ಡ್ರೈವರ್ ತೆರೆದರೆ, ಬಂದ ಅಂಕಿಯನ್ನು ಹಾಗೆಯೇ ಚಿಪ್‌ನ ರಿಜಿಸ್ಟರಿಗೆ (ಅದರ ನಡೆಯನ್ನು ನಿರ್ಧರಿಸುವ ಒಳಗಿನ ಜಾಗಕ್ಕೆ) ಹಾಕುತ್ತಿತ್ತು. ತಪ್ಪು ಎಂದು ತಿದ್ದಲು ಕೈ ತುರಿಸಿತು. ಆದರೆ ಸಾಧನಗಳ ಒಳಗೆ ಈಗಾಗಲೇ ಕುಳಿತಿರುವ ಡಿವೈಸ್ ಟ್ರೀಗಳಿಗೆ ಬೈಂಡಿಂಗ್ ಎಂದರೆ ಕೊಟ್ಟ ಮಾತು. ಅರ್ಥ ಬದಲಾಯಿಸಿದರೆ ನಿನ್ನೆ ನಡೆಯುತ್ತಿದ್ದ ಯಂತ್ರ ಇಂದು ನಿಲ್ಲಬಹುದು. ಆದ್ದರಿಂದ 0–3 ಎಂದೇ ದಾಖಲಿಸಿ, ಯಾವ ಅಂಕಿಗೆ ಎಷ್ಟು ಮಿಲಿಆಂಪಿಯರ್ ಎಂದು ವಿವರಣೆಯಲ್ಲಿ ಬರೆದೆ.

ಒಳನೋಡ್‌ಗಳ ಹೆಸರಿನಲ್ಲಿಯೂ ಏಕರೂಪತೆ ಇರಲಿಲ್ಲ. ಕೊನೆಯಲ್ಲಿ ‘-ಪಿನ್ಸ್’ ಎಂದಿರಬೇಕು ಎಂದು ನಿಯಮ ಮಾಡಿದೆ. ಡ್ರೈವರ್ ನೋಡ್‌ಗಳನ್ನು ಹೆಸರಿನಿಂದ ಹುಡುಕದೆ ಫ್ಯಾಂಡಲ್ (ನೋಡ್‌ಗೆ ಬೊಟ್ಟುಮಾಡುವ ಗುರುತು) ಮೂಲಕವೇ ತಲುಪುತ್ತದೆ ಎಂದು ಖಚಿತಪಡಿಸಿಕೊಂಡ ಮೇಲೆಯೇ ಬೋರ್ಡ್ ಕಡತಗಳ ಹೆಸರುಗಳನ್ನು ಮುಟ್ಟಿದೆ. ಆ ತಿದ್ದುಪಡಿಗಳನ್ನು ಬೇರೆ ಪ್ಯಾಚ್ (ಬದಲಾವಣೆಗಳ ಕಟ್ಟು) ಆಗಿ ಇಟ್ಟೆ.

ಪಿನ್‌ನ ವೋಲ್ಟೇಜನ್ನು ಮೇಲಕ್ಕೆ ಎಳೆದಿಡುವ ಪುಲ್-ಅಪ್, ಕೆಳಕ್ಕೆ ಎಳೆದಿಡುವ ಪುಲ್-ಡೌನ್ ಮೊದಲಾದ ಸಾಮಾನ್ಯ ಗುಣಗಳನ್ನು ನಾನು ಮತ್ತೆ ಬರೆಯಲಿಲ್ಲ. ಪಿನ್‌ಸಿಎಫ್‌ಜಿ-ನೋಡ್ ಎಂಬ ಸಾಮಾನ್ಯ ಸ್ಕೀಮಾವನ್ನು ಉಲ್ಲೇಖಿಸಿದೆ. ಅದರ ಕೆಳಗೆ, ಹೇಳದೆ ಉಳಿದ ಯಾವ ಗುಣವೂ ಸಲ್ಲದು ಎಂಬ ಸಾಲು ಸೇರಿಸಿ, ಬೋರ್ಡ್ ಕಡತಗಳನ್ನು ಸ್ಕೀಮಾಕ್ಕೆ ಹೋಲಿಸಿ ನೋಡುವ ಡಿಟಿಬಿಎಸ್-ಚೆಕ್ ಓಡಿಸಿದೆ. ನಮ್ಮ ಬೋರ್ಡಿನ ಹೆಸರು ಪರದೆಯ ಮೇಲೆ ಬಂತು: ಕಾರ್ಡ್ ಪತ್ತೆಹಚ್ಚುವ ಪಿನ್‌ನಲ್ಲಿ ಅಪರಿಚಿತ ಗುಣ, ‘ಬಯಾಸ್-ಪುಲ್ಅಪ್’.

ಇರಬೇಕಾದದ್ದು ‘ಬಯಾಸ್-ಪುಲ್-ಅಪ್’. ಪಿನ್‌ಕಂಟ್ರೋಲ್-ಸಿಂಗಲ್ ಎಂಬ ಇನ್ನೊಂದು ಡ್ರೈವರ್‌ನ ಗುಣಗಳಲ್ಲಿ ಪುಲ್ಅಪ್ ಎಂಬುದು ಅಡ್ಡಗೆರೆಯಿಲ್ಲದೆ ಅಂಟಿಕೊಂಡೇ ಇದೆ. ಬರೆದವರು ಅಲ್ಲಿಂದ ತಂದಿರಬೇಕು. ಕರ್ನಲ್ ತನಗೆ ಗೊತ್ತಿಲ್ಲದ ಗುಣವನ್ನು ಕಂಡರೆ ದೂರುವುದಿಲ್ಲ, ಸುಮ್ಮನೆ ದಾಟಿಹೋಗುತ್ತದೆ. ಹಾಗಾಗಿ ಖಾಲಿ ಸಾಕೆಟ್ಟಿನ ಆ ಪಿನ್‌ಗೆ ಮೇಲಕ್ಕೆಳೆಯುವ ರೋಧಕದ ಆಸರೆಯೇ ಇರಲಿಲ್ಲ. ತೇವಕ್ಕೆ ಸ್ವಲ್ಪ ವಿದ್ಯುತ್ ನೆಲಕ್ಕೆ ಸೋರಿದರೂ ಅದು ಕೆಳಗಿಳಿದು, ಕಾರ್ಡ್ ಬಂತು ಎಂದು ಹೇಳಿಬಿಡುತ್ತಿತ್ತು.

“ಎರಡು ವರ್ಷ ಸಾಕೆಟ್ ಬದಲಾಯಿಸಿದೆವಲ್ಲ ಮಾರಾಯರೇ!” ಎಂದರು ಪಕ್ಕದ ಮೇಜಿನ ಸಹೋದ್ಯೋಗಿ, ಪರದೆಯಿಂದ ಕಣ್ಣು ತೆಗೆಯದೆ.

ಕರ್ನಲ್‌ಗೆ ಸೇರುವ ಮುನ್ನ ಬದಲಾವಣೆಗಳನ್ನು ನೋಡುವ ಪರಿಶೀಲಕರು ನನ್ನ ಸ್ಕೀಮಾವನ್ನು ನಾಲ್ಕು ಬಾರಿ ಹಿಂದಿರುಗಿಸಿದರು. ಸ್ಕೀಮಾದ ಉದಾಹರಣೆಯಲ್ಲಿ ಹೆಡರ್ (ಅದು ಬಳಸುವ ಹೆಸರುಗಳ ಅರ್ಥವಿರುವ ಕಡತ) ಸೇರಿಸಲು ಮರೆತಿದ್ದೆ, ಹಾರ್ಡ್‌ವೇರ್ ಬಗ್ಗೆ ಬರೆಯಬೇಕಾದಲ್ಲಿ ಡ್ರೈವರ್ ಬಗ್ಗೆ ಬರೆದಿದ್ದೆ. ಎರಡನೆಯದು ನ್ಯಾಯವಾದ ಆಕ್ಷೇಪ. ಅದೇ ಬೈಂಡಿಂಗ್ ಅನ್ನು ನಾಳೆ ಲಿನಕ್ಸ್‌ಗೂ ಮುಂಚೆ ಓಡಿ ಅದನ್ನು ಎಬ್ಬಿಸುವ ಯು-ಬೂಟ್ ತಂತ್ರಾಂಶ ಕೂಡ ಓದಬಹುದು. ಸ್ಕೀಮಾದ ಐದನೆಯ ಆವೃತ್ತಿ ಕರ್ನಲ್‌ಗೆ ಸೇರಿತು.

ಅಡ್ಡಗೆರೆ ಸೇರಿಸಿದ ಬೋರ್ಡನ್ನು ಆಟಿ ತಿಂಗಳು ಮುಗಿಯುವವರೆಗೂ ತೆರೆದ ಕಿಟಕಿಯ ಪಕ್ಕದಲ್ಲಿ, ಸಾಕೆಟ್ ಖಾಲಿ ಬಿಟ್ಟು, ಹಗಲಿರುಳು ನಡೆಸಿದೆವು. ಲಾಗ್‌ನಲ್ಲಿ ಇಲ್ಲದ ಕಾರ್ಡಿನ ಸಾಲು ಒಂದೂ ಬರಲಿಲ್ಲ. ಅದೇ ಚಿಪ್‌ನ ಗಡಿಯಾರ ನಿಯಂತ್ರಕದ ಬೈಂಡಿಂಗ್ ಇನ್ನೂ ಹಳೆಯ ಪಠ್ಯಕಡತವಾಗಿಯೇ ಇದೆ. ಈಗ ಅದನ್ನು ತೆರೆದು ಕುಳಿತಿದ್ದೇನೆ, ಈ ಬಾರಿ ಡ್ರೈವರ್ ಓದುವುದರಿಂದಲೇ ಆರಂಭಿಸಿ.