ಆಫೀಸಲ್ಲಿ ನಕ್ಕು, ಮನೇಲಿ ತಲೆನೋವು ಅಂದು: ಯುಕೆಗೆ ಹೊಸದಾಗಿ ಬಂದೋರಿಗೆ

ಇಲ್ಲಿಗೆ ಹೊಸದಾಗಿ ಬಂದೋರು ಮನೆ ಬಾಡಿಗೆ, ಜಿಪಿ (ಏರಿಯಾ ಡಾಕ್ಟರ್) ರಿಜಿಸ್ಟ್ರೇಷನ್, ಎನ್‌ಐ (ನ್ಯಾಷನಲ್ ಇನ್ಶೂರೆನ್ಸ್) ನಂಬರ್ ಎಲ್ಲಾ ಸಂಕೋಚ ಇಲ್ದೆ ಕೇಳ್ತಾರೆ, ಆದ್ರೆ ಒಂದು ವಿಷಯ ಮಾತ್ರ ಯಾರೂ ನೇರವಾಗಿ ಕೇಳಲ್ಲ, ಆರೇಳು ತಿಂಗಳಾದ್ಮೇಲೆ ಯಾವ್ದೋ ಮಗು ಬರ್ತ್‌ಡೇಲಿ ಪಕ್ಕಕ್ಕೆ ಕರೆದು "ಅಕ್ಕಾ, ಆಫೀಸಲ್ಲಿ ಸ್ವಲ್ಪ ಕಿರಿಕಿರಿ" ಅಂತ ಶುರು ಮಾಡ್ತಾರೆ. ಆ ಕಿರಿಕಿರಿ ಒಳಗೆ ಏನಿದೆ ಅಂತ ಹೊರಗೆ ಬರೋಕೆ ಅರ್ಧ ಗಂಟೆ ಬೇಕು. ಅವರ ತಪ್ಪೇನಿಲ್ಲ ಬಿಡಿ, ರೇಸಿಸಂ ಬಗ್ಗೆ ಮನೇಲಿ ಆಡೋ ಮಾತೇ ನಮ್ಮ ಹತ್ರ ಇಲ್ಲ. ವರ್ಣಭೇದ ಅನ್ನೋದು ಪೇಪರ್ ಪದ, ಜನಾಂಗೀಯ ನಿಂದನೆ ಅನ್ನೋದು ಕ್ರಿಕೆಟ್ ಸುದ್ದೀಲಿ ಬರೋ ಪದ, ಸಂಜೆ ಮನೆಗೆ ಬಂದು ಶೂ ಬಿಚ್ತಾ ಯಾರೂ "ಇವತ್ತು ನಂಗೆ ಜನಾಂಗೀಯ ನಿಂದನೆ ಆಯ್ತು ಕಣೇ" ಅನ್ನಲ್ಲ. "ಏನಿಲ್ಲ, ತಲೆನೋವು" ಅಂತಾರೆ.

ನಾನು ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಹದಿನಾರು ವರ್ಷದಿಂದ ಇದ್ದೀನಿ. ಮೊದಲನೇ ಕೆಲಸದಲ್ಲಿ ಬೆಳಗ್ಗೆ ಸ್ಟ್ಯಾಂಡ್‌ಅಪ್ ಮೀಟಿಂಗಲ್ಲಿ "ವೀಕ್ಲಿ ವರ್ಷನ್" ಅಂತ ಹೇಳ್ಬೇಕಾಗಿತ್ತು, ನಮಗೆ ವ ಅನ್ನೋದು ಒಂದೇ ಅಕ್ಷರ, ಇಂಗ್ಲಿಷರಿಗೆ ಅದು ಎರಡು, ಡಬ್ಲ್ಯು ಬೇರೆ ವಿ ಬೇರೆ, ತುಟಿ ಬೇರೆ ಬೇರೆ ಥರ ಇಡ್ಬೇಕು. ಟೀಮಲ್ಲಿ ಒಬ್ಬ ಅದನ್ನ ನನ್ನ ಥರಾನೇ ತಲೆ ಅಲ್ಲಾಡಿಸ್ಕೊಂಡು ವಾಪಸ್ ಹೇಳೋನು, ಎಲ್ರೂ ನಗೋರು, ನಾನು ಎಲ್ರಿಗಿಂತ ಜೋರಾಗಿ ನಗ್ತಿದ್ದೆ. ಎಂಟು ತಿಂಗಳು ಹಿಂಗೇ ನಡೀತು. ಆಮೇಲೆ ಆಮೇಲೆ ವೀಕ್ಲಿ ಅನ್ನೋ ಪದಾನೇ ಬಿಟ್ಟು "ಎವ್ರಿ ಮಂಡೇ" ಅನ್ನೋಕೆ ಶುರು ಮಾಡಿದ್ದೆ, ಅದು ನನಗೇ ಗೊತ್ತಾಗಿರ್ಲಿಲ್ಲ. ಒಂದಿನ ಕೆಟಲ್ ಹತ್ರ ನಿಂತಿದ್ದಾಗ ಹೊಸದಾಗಿ ಸೇರಿದ್ದ ಪೋಲೆಂಡ್ ಹುಡುಗ "ಅವನು ಹಂಗೆ ಮಾಡೋದು ನಿಂಗೆ ಇಷ್ಟಾನಾ?" ಅಂತ ಕೇಳಿದ. ಇಲ್ಲ ಅಂದೆ. ಅದನ್ನ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು, ಅದೂ ಎರಡು ವಾರದ ಪರಿಚಯದವನ ಹತ್ರ.

ಮ್ಯಾನೇಜರ್‌ಗೆ ಹೇಳಿದಾಗ ಬಂದ ಉತ್ತರ "ಇಟ್ಸ್ ಜಸ್ಟ್ ಬ್ಯಾಂಟರ್". ಈ ಬ್ಯಾಂಟರ್ ಅನ್ನೋ ಪದಾನ ನೀವು ಇಲ್ಲಿ ನೂರು ಸಲ ಕೇಳ್ತೀರ, ತಮಾಷೆ ಕಣ್ರೀ, ಸೀರಿಯಸ್ಸಾಗಿ ತಗೋಬೇಡಿ ಅನ್ನೋ ಅರ್ಥದಲ್ಲಿ. 2010ರ ಈಕ್ವಾಲಿಟಿ ಆಕ್ಟ್, ಅಂದ್ರೆ ಇಲ್ಲಿನ ಸಮಾನತೆ ಕಾನೂನು, ಹಂಗನ್ನಲ್ಲ. ಹೆರಾಸ್‌ಮೆಂಟ್ (ಕಿರುಕುಳ) ಅಂದ್ರೆ ಬೇಕಂತ ಮಾಡಿರ್ಲೇಬೇಕು ಅಂತೇನಿಲ್ಲ, ಅದರ ಪರಿಣಾಮ ನಿಮ್ಮ ಮರ್ಯಾದೆಗೆ ಪೆಟ್ಟು ಕೊಡೋ ಹಾಗಿದ್ರೂ ಸಾಕು, ಹಾಗನ್ನಿಸಿದ್ದು ನ್ಯಾಯವಾಗಿದ್ಯಾ ಅಂತಾನೂ ನೋಡ್ತಾರೆ. ರೇಸ್ ಅನ್ನೋದರಲ್ಲಿ ಮೈಬಣ್ಣ ಅಷ್ಟೇ ಅಲ್ಲ, ನ್ಯಾಷನಾಲಿಟಿ, ಎಥ್ನಿಕ್ ಮೂಲ ಕೂಡ ಬರುತ್ತೆ. ಮತ್ತೆ ಕೆಲಸಕ್ಕೆ ಸೇರಿ ಇಷ್ಟು ಕಾಲ ಆಗಿರ್ಬೇಕು ಅನ್ನೋ ಮಾತು ಬೇರೆ ಥರದ ಕೇಸಿಗೆ, ತಾರತಮ್ಯಕ್ಕೆ ಮೊದಲನೇ ದಿನದಿಂದಾನೇ ರಕ್ಷಣೆ ಇದೆ, ಇಂಟರ್‌ವ್ಯೂ ಹಂತದಲ್ಲೂ. (ನಾರ್ದರ್ನ್ ಐರ್ಲೆಂಡಲ್ಲಿ ಇರೋರಿಗೆ ಕಾನೂನು ಬೇರೆ, ಅಲ್ಲಿಯದನ್ನ ಅಲ್ಲೇ ವಿಚಾರಿಸಿ.)

ಅದಕ್ಕೆ ನಾನು ಹೇಳೋದು, ದೂರು ಕೊಡೋದು ಬಿಡೋದು ಆಮೇಲಿನ ಮಾತು, ಅವತ್ತೇ ರಾತ್ರಿ ಬರೆದಿಡಿ. ಕನ್ನಡದಲ್ಲೇ ಬರೀರಿ, ಸಿಟ್ಟು ಕನ್ನಡದಲ್ಲೇ ಸರಿಯಾಗಿ ಬರೋದು, ಆದ್ರೆ ಅವರು ಆಡಿದ ಮಾತು ಮಾತ್ರ ಅವರು ಆಡಿದ ಹಾಗೇನೇ ಬರೀಬೇಕು, ತಾರೀಖು, ಟೈಮು, ಯಾರ್ಯಾರಿದ್ರು, ನೀವೇನಂದ್ರಿ, ಸುಮ್ನಿದ್ರೆ ಸುಮ್ನಿದ್ದೆ ಅಂತಾನೂ. ಆಫೀಸ್ ಲ್ಯಾಪ್‌ಟಾಪಲ್ಲಿ ಬೇಡ. ಕಂಪನಿ ಮೇಲ್‌ಗಳನ್ನ ರಾಶಿ ರಾಶಿ ನಿಮ್ಮ ಜಿಮೇಲ್‌ಗೆ ಫಾರ್ವರ್ಡ್ ಮಾಡ್ಕೊಳ್ಳೋದೂ ಬೇಡ, ಆಮೇಲೆ ಅದನ್ನೇ ಹಿಡ್ಕೊಂಡು ನಿಮ್ಮ ಮೇಲೇ ತಿರುಗ್ತಾರೆ. ಒಂದು ಸಾದಾ ನೋಟ್‌ಬುಕ್ ಸಾಕು. ಒಂದು ತಿಂಗಳು ಬರೆದ್ರೆ ನಿಮಗೇ ಗೊತ್ತಾಗುತ್ತೆ, ಆ ಮನುಷ್ಯ ಎಲ್ರ ಹತ್ರಾನೂ ಒರಟಾ, ಇಲ್ಲಾ ನಿಮ್ಮ ಹತ್ರ ಮಾತ್ರಾನಾ ಅಂತ. ಎಲ್ಲಾ ಒರಟುತನಾನೂ ರೇಸಿಸಂ ಅಲ್ಲ, ಕೆಲವ್ರು ಹುಟ್ಟಾ ಸಿಡುಕರು.

ಅಲ್ಲೇ ಏನಾದ್ರೂ ಹೇಳ್ಬೇಕು ಅನ್ನಿಸಿದ್ರೆ ಉದ್ದುದ್ದ ಭಾಷಣ ಬೇಡ, "ವಾಟ್ ಡು ಯು ಮೀನ್ ಬೈ ದಟ್?" ಅಂತ ಕೇಳಿ ಸುಮ್ನೆ ಮುಖ ನೋಡ್ತಾ ನಿಂತ್ಕೊಳ್ಳಿ. ತಮಾಷೇನ ಬಿಡಿಸಿ ಹೇಳೋದು ಬಹಳ ಕಷ್ಟ. ಮುಖ್ಯ, ನಗಬೇಡಿ.

ಇನ್ನು ಎಲ್ರೂ ಮೆಲ್ಲಗೆ ಕೇಳೋ ಪ್ರಶ್ನೆ, ದೂರು ಕೊಟ್ರೆ ವೀಸಾ ಹೋಗುತ್ತಾ? ದೂರು ಕೊಟ್ಟ ಮಾತ್ರಕ್ಕೆ ಹೋಗಲ್ಲ. ದೂರು ಕೊಟ್ಟೋರಿಗೆ ತೊಂದ್ರೆ ಕೊಡೋದನ್ನೇ ಕಾನೂನು ವಿಕ್ಟಿಮೈಸೇಷನ್ ಅಂತ ಕರೆದು ಬೇರೆ ತಪ್ಪು ಅಂತ ಇಟ್ಟಿದೆ. ಆದ್ರೆ ನಿಮ್ಮನ್ನ ಹೆದರಿಸದೆ ನಿಜ ಹೇಳ್ಬೇಕು ಅಂದ್ರೆ, ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಕೆಲಸ ಹೋದ್ರೆ ಕಂಪನಿ ಹೋಮ್ ಆಫೀಸ್‌ಗೆ ತಿಳಿಸುತ್ತೆ, ಆಮೇಲೆ ಬರೋ ಕಾಗದದಲ್ಲಿ ಸಾಮಾನ್ಯವಾಗಿ 60 ದಿನ ಟೈಮ್ ಕೊಟ್ಟಿರ್ತಾರೆ, ಅಷ್ಟರಲ್ಲಿ ಬೇರೆ ಸ್ಪಾನ್ಸರ್ ಹುಡುಕ್ಬೇಕು. ಅದಕ್ಕೇ ಬಾಯಿ ಮುಚ್ಕೊಂಡಿರೋರನ್ನ ಹೇಡಿ ಅನ್ನೋಕೆ ನನಗೆ ಮನಸ್ಸು ಬರಲ್ಲ. ಯೂನಿಯನ್ ಸೇರೋದಾದ್ರೆ ಎಲ್ಲಾ ಚೆನ್ನಾಗಿರುವಾಗಲೇ ಸೇರ್ಕೊಳ್ಳಿ, ಗಲಾಟೆ ಆದ್ಮೇಲೆ ಸೇರಿದ್ರೆ ಹಳೇ ಗಲಾಟೆಗೆ ಸಾಮಾನ್ಯವಾಗಿ ನಿಲ್ಲಲ್ಲ. ಗ್ರೀವೆನ್ಸ್ ಮೀಟಿಂಗಿಗೆ (ಕಂಪನೀಲಿ ನಿಮ್ಮ ದೂರು ಕೇಳೋ ಮೀಟಿಂಗು) ಯೂನಿಯನ್ನವರನ್ನೋ ಒಬ್ಬ ಸಹೋದ್ಯೋಗೀನೋ ಜೊತೆಗೆ ಕರ್ಕೊಂಡು ಹೋಗೋದು ನಿಮ್ಮ ಹಕ್ಕು, ಒಬ್ರೇ ಹೋಗ್ಬೇಡಿ. ಕೆಲಸದ ಕೇಸುಗಳನ್ನ ನೋಡೋ ಟ್ರಿಬ್ಯುನಲ್‌ಗೆ 2017ರಿಂದ ಫೀಸ್ ಇಲ್ಲ, ಆದ್ರೆ ಗಡುವು ಬಹಳ ಕಮ್ಮಿ, ಘಟನೆ ಆದ ದಿನದಿಂದ 3 ತಿಂಗಳಿಗೆ ಒಂದು ದಿನ ಕಮ್ಮಿ ಅನ್ನೋ ಲೆಕ್ಕ. ಇದನ್ನ ಜಾಸ್ತಿ ಮಾಡೋ ಕಾನೂನು 2025ರಲ್ಲಿ ಪಾಸಾಗಿದೆ, ಆದ್ರೂ ನೀವು ಆ ಹಳೇ ಲೆಕ್ಕ ಇಟ್ಕೊಂಡೇ ಓಡಾಡಿ. ಎಚ್‌ಆರ್‌ನವರು "ನೋಡ್ತಾ ಇದೀವಿ, ನೋಡ್ತಾ ಇದೀವಿ" ಅಂತಿರುವಾಗ್ಲೂ ಆ ಗಡಿಯಾರ ನಿಲ್ಲಲ್ಲ, ಇದು ಗೊತ್ತಿಲ್ದೆ ಕಳ್ಕೊಂಡೋರನ್ನ ನೋಡಿದ್ದೀನಿ. ಮೊದಲು ಅಕಾಸ್‌ಗೆ (ಕೆಲಸದ ಜಗಳಗಳಲ್ಲಿ ಸಲಹೆ ಕೊಟ್ಟು ರಾಜಿ ಮಾಡಿಸೋ ಸಂಸ್ಥೆ) ಫೋನ್ ಮಾಡಿ, ಪುಕ್ಕಟೆ ಸಲಹೆ, ಟ್ರಿಬ್ಯುನಲ್‌ಗೆ ಹೋಗೋಕೂ ಮುಂಚೆ ಅವರ ಹತ್ರಾನೇ ಹೋಗ್ಬೇಕು.

ನನ್ನ ವಿಷಯ ಅಲ್ಲಿತನಕ ಹೋಗ್ಲಿಲ್ಲ. ಬರೆದಿದ್ದನ್ನ ಇಂಗ್ಲಿಷಿಗೆ ಮಾಡಿ ಎಚ್‌ಆರ್‌ಗೆ ಒಂದು ಪುಟದ ಮೇಲ್ ಕಳಿಸಿದೆ, ಅವನು ಅಣಕಿಸೋದು ನಿಲ್ಲಿಸಿದ. ಜೊತೆಗೆ ಲಂಚ್‌ಗೆ ಕರೆಯೋದನ್ನೂ ನಿಲ್ಲಿಸಿದ್ರು, ಅವನಲ್ಲ, ಉಳಿದೋರು. ಅದೂ ಆಗುತ್ತೆ, ಗೊತ್ತಿರ್ಲಿ.

ಮನೆ ವಿಷಯ ಇದಕ್ಕಿಂತ ಕಷ್ಟ. 2024ರ ಜುಲೈ ಕೊನೇಲಿ ಸೌತ್‌ಪೋರ್ಟಲ್ಲಿ ಮೂರು ಪುಟ್ಟ ಹುಡುಗೀರನ್ನ ಇರಿದು ಕೊಂದ ಘಟನೆ ಆದ್ಮೇಲೆ, ಕೊಂದೋನು ವಲಸಿಗ ಅನ್ನೋ ಸುಳ್ಳು ಸುದ್ದಿ ಹಬ್ಬಿ, ಆಗಸ್ಟಲ್ಲಿ ಊರೂರಲ್ಲಿ ಗಲಭೆ ಆಯ್ತಲ್ಲ, ಆಗ ನಮ್ಮ ವಾಟ್ಸಾಪ್ ಗ್ರೂಪಲ್ಲೆಲ್ಲ ಹೊರಗೆ ಹೋಗ್ಬೇಡಿ ಅನ್ನೋ ಫಾರ್ವರ್ಡ್‌ಗಳು, ನಮ್ಮನೆಯವರು ಮಗ ಬಂದ ಕೂಡ್ಲೇ ಟಿವಿ ಆಫ್ ಮಾಡಿ "ಏನಿಲ್ಲ, ಆಡ್ಕೋ ಹೋಗು" ಅನ್ನೋರು. ಅವನು ಮಲಗೋ ಹೊತ್ತಿಗೆ ಕೇಳಿದ, "ಅಮ್ಮಾ, ಸೂಟ್‌ಕೇಸ್ ಯಾವಾಗ ಪ್ಯಾಕ್ ಮಾಡೋದು?" ಮಕ್ಕಳಿಗೆ ಏನೂ ಹೇಳ್ದಿದ್ರೆ ಏನೂ ಗೊತ್ತಾಗಲ್ಲ ಅಂತಲ್ಲ, ಅವರೇ ಇನ್ನೂ ಭಯಂಕರವಾಗಿ ಕಟ್ಕೊಂಡು ಕೂತಿರ್ತಾರೆ. ಕೆಲವ್ರು ಸಿಟ್ಟಲ್ಲಿ ಕಲ್ಲು ಹೊಡೀತಿದ್ದಾರೆ, ಪೊಲೀಸ್ರು ಹಿಡೀತಿದ್ದಾರೆ, ನಾವೆಲ್ಲೂ ಹೋಗ್ತಿಲ್ಲ ಅಂದೆ. ಆಗಸ್ಟ್ 7ರ ರಾತ್ರಿ ಸಾವಿರಾರು ಜನ ಗಲಭೆಕೋರರ ವಿರುದ್ಧ ಬೀದಿಗಿಳಿದ್ರಲ್ಲ, ಮಾರನೇ ದಿನ ಆ ಫೋಟೋನೂ ತೋರಿಸ್ದೆ.

ಸ್ಕೂಲಲ್ಲಿ ಏನಾದ್ರೂ ಆದ್ರೆ ಗೇಟ್ ಹತ್ರ ಟೀಚರ್‌ಗೆ ಒಂದು ಮಾತು ಹೇಳಿ ಬರೋದಲ್ಲ, ಮೇಲ್ ಮಾಡಿ, ರೇಸಿಸ್ಟ್ ಇನ್ಸಿಡೆಂಟ್ ಅಂತ ರೆಕಾರ್ಡ್ ಮಾಡಿದ್ದೀರಾ ಅಂತ ಅದೇ ಪದ ಹಾಕಿ ಕೇಳಿ. ಬೀದಿಲಿ ಆದ್ರೆ ಪೊಲೀಸ್‌ಗೆ ಫೋನ್ ಮಾಡಿ, ಅರ್ಜೆಂಟ್ ಅಲ್ಲದಿದ್ರೆ 101, ಜೀವಕ್ಕೇ ಅಪಾಯ ಅಂದ್ರೆ 999.

ಈಗ ಸ್ವಲ್ಪ ಬೇಜಾರಾಗೋ ಮಾತು. "ವೇರ್ ಆರ್ ಯು ರಿಯಲಿ ಫ್ರಮ್" ಅಂತ ಯಾರಾದ್ರೂ ಕೇಳಿದ್ರೆ ನಮಗೆ ಉರಿಯುತ್ತೆ, ಅದೇ ವೀಕೆಂಡ್ ಗೆಟ್‌ಟುಗೆದರಲ್ಲಿ ಹೊಸಬರನ್ನ "ನೀವು ಯಾವ ಪೈಕಿ?" ಅಂತ ಕೇಳ್ತೀವಲ್ಲ, ಅದೇನು ಬೇರೆ ಪ್ರಶ್ನೇನಾ? ಲಂಡನ್ನಲ್ಲಿ ಥೇಮ್ಸ್ ದಂಡೆ ಮೇಲೆ 2015ರಲ್ಲಿ ನಿಲ್ಲಿಸಿದ ಬಸವಣ್ಣನ ಪ್ರತಿಮೆ ಮುಂದೆ ಫೋಟೋ ತೆಗೆಸ್ಕೊಂಡು, ವಾಪಸ್ ಬರೋ ಟ್ರೇನಲ್ಲೇ "ಆ ಏರಿಯಾ ಬೇಡ, ಬರೀ ಕರಿಯರು" ಅಂದೋರ ಪಕ್ಕ ನಾನು ಕೂತಿದ್ದೀನಿ, ಏನೂ ಅನ್ನದೆ ಕೂತಿದ್ದೀನಿ. ಜಾತೀನೂ ರೇಸ್ ಒಳಗೆ ಬರುತ್ತೆ ಅಂತ ಇಲ್ಲಿ ಕಾನೂನು ನೇರವಾಗಿ ಹೇಳಿಲ್ಲ, ಆದ್ರೆ 2014ರಲ್ಲಿ ಎಂಪ್ಲಾಯ್‌ಮೆಂಟ್ ಅಪೀಲ್ ಟ್ರಿಬ್ಯುನಲ್ ಅದು ಎಥ್ನಿಕ್ ಮೂಲದೊಳಗೆ ಬರಬಹುದು ಅಂತ ಹೇಳಿದೆ, ಅಂದ್ರೆ ನಾವೂ ಆ ಕಡೆ ಕುರ್ಚೀಲಿ ಕೂರಬೇಕಾಗ್ಬಹುದು.

ನನ್ನ ಮಗಳಿಗೆ ಏಳು ವರ್ಷ ಇದ್ದಾಗ ಕ್ಲಾಸಲ್ಲಿ ಒಬ್ಳು "ನಿನ್ನ ಬಣ್ಣ ಕೊಳೆ ಥರ ಇದೆ" ಅಂದಿದ್ಲು. ಅದು ತಪ್ಪು ಕಂದಾ ಅಂತ ನಾನು ಶುರು ಮಾಡಿದ್ರೆ ಅವಳು ಶಾಂತವಾಗಿ, "ಅಜ್ಜಿನೂ ಅದನ್ನೇ ಅಲ್ವಾ ಹೇಳೋದು, ಬಿಸಿಲಿಗೆ ಹೋಗ್ಬೇಡ ಕಪ್ಪಾಗ್ತೀಯ ಅಂತ" ಅಂದ್ಳು. ನನ್ನ ಹತ್ರ ಉತ್ತರ ಇರ್ಲಿಲ್ಲ. ಅವತ್ತು ರಾತ್ರಿ ವಿಡಿಯೋ ಕಾಲಲ್ಲಿ ಅತ್ತೆಗೆ, ಮಕ್ಕಳ ಮುಂದೆ ಬಣ್ಣದ ಮಾತು ಬೇಡ ಅತ್ತೆ, ಅಂತ ಹೇಳ್ದೆ. ಎಚ್‌ಆರ್‌ಗೆ ಮೇಲ್ ಬರೆಯೋವಾಗ ನಡುಗದ ಕೈ ಅವತ್ತು ನಡುಗ್ತು. ಅತ್ತೆ ಎರಡು ವಾರ ನನ್ನ ಹತ್ರ ಸರಿಯಾಗಿ ಮಾತಾಡ್ಲಿಲ್ಲ, ಫೋನ್ ಮಾಡಿದ್ರೆ "ಮಗನಿಗೆ ಕೊಡು" ಅಷ್ಟೇ. ಈಗ ಮಗಳು ಗಾರ್ಡನ್‌ಗೆ ಓಡಿದ್ರೆ "ಟೋಪಿ ಹಾಕ್ಕೊಂಡು ಹೋಗೇ" ಅಂತಾರೆ, ಯಾಕೆ ಅಂತ ಮಾತ್ರ ಹೇಳಲ್ಲ.