ಹಳೆಯ ಕಾರಿನ ಎಸಿ: ಗ್ಯಾಸ್ ತುಂಬಿಸುವ ಮೊದಲು ಇಷ್ಟು ನೋಡಿ

ಎಸಿ ಸರಿಯಾಗಿ ತಣ್ಣಗಾಗುತ್ತಿಲ್ಲ ಎಂದ ಕೂಡಲೇ ಪಕ್ಕದವರು ಹೇಳುವುದು ಒಂದೇ ಮಾತು: "ಗ್ಯಾಸ್ ಖಾಲಿಯಾಗಿರಬೇಕು, ತುಂಬಿಸಿ." ಅದೇನು ಪೆಟ್ರೋಲಾ, ಉರಿದು ಖಾಲಿಯಾಗೋಕೆ? ಗ್ಯಾಸ್ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ. ಹಳೆಯ ರಬ್ಬರ್ ಹೋಸುಗಳಿಂದ ವರ್ಷಗಟ್ಟಲೆ ಚೂರು ಚೂರು ಹೋಗುವುದುಂಟು. ಆದರೆ ಹೋದ ವರ್ಷ ತುಂಬಿಸಿದ್ದು ಈ ವರ್ಷ ಇಲ್ಲವೆಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸುಮ್ನೆ ತುಂಬಿಸಿಕೊಂಡು, ಇದ್ದ ತಂಪನ್ನೂ ಕಳೆದುಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ.

1. ಗಾಳಿ ಕಡಿಮೆಯೋ, ತಂಪು ಕಡಿಮೆಯೋ?

ಇವೆರಡು ಬೇರೆ ಬೇರೆ ಕಾಯಿಲೆ. ಗಾಳಿಯೇ ಬರುತ್ತಿಲ್ಲ ಎಂದರೆ ಕ್ಯಾಬಿನ್ ಫಿಲ್ಟರ್ ಬದಲಿಸಿ. ಫಿಲ್ಟರ್ ಕಿತ್ತುಹಾಕಿ ಓಡಿಸುವ ಜಾಣತನ ಬೇಡ. ಧೂಳು ಒದ್ದೆಯಾದ ಕೂಲಿಂಗ್ ಕಾಯಿಲ್ ಮೇಲೆ ಕೂತು ಕೆಸರಾಗುತ್ತದೆ. ಆಮೇಲೆ ಡ್ಯಾಶ್‌ಬೋರ್ಡ್ ಬಿಚ್ಚುವ ಪಾಡು ಬರಬಹುದು.

ಅರ್ಧ ಗಂಟೆ ಚೆನ್ನಾಗಿದ್ದು ಆಮೇಲೆ ಗಾಳಿ ಕುಗ್ಗುತ್ತಾ? ಎಸಿ ಆಫ್ ಮಾಡಿ ಹತ್ತು ನಿಮಿಷ ಬಿಟ್ಟರೆ ಸರಿಹೋಗುತ್ತಾ? ಹಾಗಿದ್ದರೆ ಕಾಯಿಲ್ ಮೇಲೆ ಮಂಜು ಕಟ್ಟುತ್ತಿದೆ. ಮೊದಲು ಅದರ ತಾಪಮಾನದ ಸೆನ್ಸರ್ ನೋಡಿಸಿ.

2. ಓಡುವಾಗ ತಂಪು, ನಿಂತಾಗ ಬಿಸಿ

ಇದು ಕಂಡೆನ್ಸರ್ (ರೇಡಿಯೇಟರ್ ಮುಂದೆ ಕೂತು ಗ್ಯಾಸಿನ ಬಿಸಿಯನ್ನು ಹೊರಗೆ ಬಿಡುವ ಭಾಗ) ಅಥವಾ ಅದರ ಫ್ಯಾನಿನ ಕೆಲಸ. ಎಸಿ ಹಾಕಿ ಗಾಡಿ ನಿಲ್ಲಿಸಿಕೊಂಡು, ಮುಂದಿನ ಜಾಲಿಯ ಮೂಲಕ ಕಂಡೆನ್ಸರ್ ಮೇಲೆ ನಿಧಾನವಾಗಿ ನೀರು ಬಿಡಿ. ಒಳಗೆ ಚಟ್ಟನೆ ತಂಪು ಹೆಚ್ಚಿದರೆ ಕಳ್ಳ ಸಿಕ್ಕಿದ. ಪ್ರೆಶರ್ ವಾಷರ್ ಮಾತ್ರ ಬೇಡ, ತೆಳುವಾದ ರೆಕ್ಕೆಗಳು ಬಾಗಿ ಗಾಳಿಗೆ ದಾರಿಯೇ ಮುಚ್ಚುತ್ತದೆ.

3. ಕಂಪ್ರೆಸರ್ ತಿರುಗುತ್ತಿದೆಯಾ?

ಕಂಪ್ರೆಸರ್ ಎಂದರೆ ಇಂಜಿನ್ ಬೆಲ್ಟಿನಿಂದ ತಿರುಗಿ ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪು. ಬಾನೆಟ್ ಎತ್ತಿ, ಒಳಗಿಂದ ಯಾರಾದರೂ ಎಸಿ ಬಟನ್ ಒತ್ತಲಿ. 'ಟಕ್' ಎಂಬ ಸದ್ದು ಬಂದು, ಪುಲ್ಲಿಯ ಮುಂದಿನ ತಟ್ಟೆಯೂ ಜೊತೆಗೆ ತಿರುಗಬೇಕು. ಬೆಳಗ್ಗೆ ತಿರುಗಿ ಇಂಜಿನ್ ಬಿಸಿಯಾದ ಮೇಲೆ ನಿಂತುಹೋಗುವುದು ಕಂಪ್ರೆಸರ್‌ನ ಸವೆದ ಕ್ಲಚ್‌ನ (ಗೇರಿನ ಕ್ಲಚ್ ಅಲ್ಲ) ಲಕ್ಷಣ. ತಟ್ಟೆಗೂ ಪುಲ್ಲಿಗೂ ನಡುವಿನ ಸಂದು ಜಾಸ್ತಿಯಾಗಿರುತ್ತದೆ. ಎಷ್ಟೋ ಸಲ ಒಂದು ವಾಷರ್ ತೆಗೆದರೆ ಸಾಕು, ಕಂಪ್ರೆಸರ್ ಬದಲಿಸಬೇಕಾಗಿಲ್ಲ.

ತಿರುಗುವುದೇ ಇಲ್ಲವೆಂದರೆ ಫ್ಯೂಸ್, ರಿಲೇ, ಪ್ರೆಶರ್ ಸ್ವಿಚ್ (ಗ್ಯಾಸಿನ ಒತ್ತಡ ತೀರಾ ಇಳಿದರೆ ಕಂಪ್ರೆಸರ್ ನಿಲ್ಲಿಸುವುದು) ನೋಡಿ. ಆ ಸ್ವಿಚ್‌ಗೆ ವೈರ್ ಸುತ್ತಿ ನೇರ ಕನೆಕ್ಷನ್ ಕೊಡುವವರಿದ್ದಾರೆ. ದಯವಿಟ್ಟು ಬೇಡ. ಕಂಪ್ರೆಸರ್‌ಗೆ ಬೇಕಾದ ಎಣ್ಣೆ ಗ್ಯಾಸಿನ ಜೊತೆಗೇ ಸುತ್ತುವುದು. ಗ್ಯಾಸ್ ಇಲ್ಲದೆ ಓಡಿಸಿದರೆ ಎಣ್ಣೆ ವಾಪಸ್ ಬರದೆ ಕಂಪ್ರೆಸರ್ ಕಚ್ಚಿಕೊಳ್ಳುತ್ತದೆ.

4. ಗೇಜ್ ಓದುವುದು

ಎಲ್ಲರೂ ಎಡವುವುದು ಇಲ್ಲೇ. ಗೇಜ್‌ನಲ್ಲಿ ಎರಡು ಮುಳ್ಳು: ಕಂಪ್ರೆಸರ್‌ಗೆ ಬರುವ ಗ್ಯಾಸಿನ ಒತ್ತಡಕ್ಕೆ 'ಲೋ', ಅದರಿಂದ ಹೊರಡುವ ಗ್ಯಾಸಿನ ಒತ್ತಡಕ್ಕೆ 'ಹೈ'. ಮೊದಲು ಕನ್ನಡಕ, ಗ್ಲೌಸ್ ಹಾಕಿ. ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿರುವ ಆರ್-134ಎ ಗ್ಯಾಸ್ ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ, ಕಣ್ಣಿಗೆ ಚಿಮ್ಮಿದರೆ ಗಾಯ ಗ್ಯಾರಂಟಿ.

ಇಂಜಿನ್ ಆಫ್ ಇದ್ದಾಗ ಎರಡೂ ಮುಳ್ಳು ಒಂದೇ ಕಡೆ ನಿಲ್ಲುತ್ತವೆ. 30 ಡಿಗ್ರಿ ಬಿಸಿಲಿದ್ದರೆ ಹತ್ತಿರ ಹತ್ತಿರ 95 ಪಿಎಸ್‌ಐ (ಟೈರಿನ ಗಾಳಿ ಅಳೆಯುವ ಅದೇ ಅಳತೆ). ಅದನ್ನು ನೋಡಿ "ಗ್ಯಾಸ್ ಫುಲ್ ಇದೆ" ಎನ್ನುವವರು ತುಂಬಾ ಜನ. ಒಳಗೆ ಚೂರು ದ್ರವ ಉಳಿದಿದ್ದರೂ ಸಾಕು, ಅದೇ ಒತ್ತಡ ತೋರಿಸುತ್ತದೆ. ಅರ್ಧ ತುಂಬಿದ್ದರೂ ಅಷ್ಟೇ, ಪೂರ್ತಿ ತುಂಬಿದ್ದರೂ ಅಷ್ಟೇ.

ಇಂಜಿನ್ ಸುಮಾರು 1500 ಆರ್‌ಪಿಎಂನಲ್ಲಿರಲಿ, ಎಸಿ ಪೂರ್ತಿ ಹಾಕಿ, ಆಮೇಲೆ ಓದಿ. ಸಾಧಾರಣವಾಗಿ ಲೋ ಕಡೆ 25ರಿಂದ 45, ಹೈ ಕಡೆ 150ರಿಂದ 250. ಹೊರಗಿನ ಬಿಸಿಲಿನಂತೆ ಏರಿಳಿತ ಇದ್ದೇ ಇರುತ್ತದೆ. ಎರಡೂ ಕಡಿಮೆಯಿದ್ದರೆ ಗ್ಯಾಸ್ ಕಡಿಮೆ. ಎರಡೂ ಜಾಸ್ತಿಯಿದ್ದರೆ ಕಂಡೆನ್ಸರ್ ಬಿಸಿ ಬಿಡುತ್ತಿಲ್ಲ, ಇಲ್ಲವೇ ಯಾರೋ ಗ್ಯಾಸ್ ಅತಿಯಾಗಿ ತುಂಬಿದ್ದಾರೆ, ಇಲ್ಲವೇ ಒಳಗೆ ಗಾಳಿ ಸೇರಿದೆ. ಲೋ ಜಾಸ್ತಿ, ಹೈ ಕಡಿಮೆ ಎಂದರೆ ಹೆಚ್ಚಾಗಿ ಕಂಪ್ರೆಸರ್ ಸುಸ್ತಾಗಿದೆ. ಲೋ ಮುಳ್ಳು ಸೊನ್ನೆಗಿಂತ ಕೆಳಗಿಳಿದರೆ ಎಕ್ಸ್‌ಪ್ಯಾನ್ಶನ್ ವಾಲ್ವ್ (ಕೂಲಿಂಗ್ ಕಾಯಿಲ್‌ಗೆ ಗ್ಯಾಸ್ ಬಿಡುವ ಸಣ್ಣ ದಾರಿ) ಅಥವಾ ಡ್ರೈಯರ್ (ತೇವ ಹೀರುವ ಡಬ್ಬಿ) ಕಟ್ಟಿಕೊಂಡಿರಬಹುದು.

ಈಗ ಹೇಳಿ, ಗ್ಯಾಸ್ ಡಬ್ಬಿಯ ಜೊತೆ ಬರುವ, ಹಸಿರು ಪಟ್ಟಿಯ ಪುಟ್ಟ ಗೇಜ್ ಇಟ್ಟುಕೊಂಡು ಏನು ತಿಳಿಯುತ್ತೆ? ಅದು ಲೋ ಕಡೆ ಮಾತ್ರ ತೋರಿಸುವುದು. ನನ್ನ ಮಟ್ಟಿಗೆ ಅದು ಆಟದ ಸಾಮಾನು.

ಗ್ಯಾಸ್ ತುಂಬಬೇಕಾದ್ದು ತೂಕ ಹಾಕಿ. ಎಷ್ಟು ಗ್ರಾಂ ಎಂಬುದು ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಇರುತ್ತದೆ. ಒಳಗೆ ಎಷ್ಟು ಉಳಿದಿದೆ ಎಂದು ಗೊತ್ತಿಲ್ಲದೆ ಮೇಲೆ ಸುರಿಯುವುದು ಕುರುಡಾಟ. ಜಾಸ್ತಿಯಾದರೆ ಕಂಡೆನ್ಸರ್‌ನಲ್ಲಿ ದ್ರವವೇ ಜಾಗ ತಿಂದು ತಂಪು ಇನ್ನಷ್ಟು ಕಡಿಮೆಯಾಗುತ್ತದೆ. ಇರುವ ಗ್ಯಾಸನ್ನು ಯಂತ್ರದಲ್ಲಿ ಹೊರತೆಗೆಸಿ (ಗಾಳಿಗೆ ಬಿಡಬೇಡಿ), ಸೋರಿಕೆ ರಿಪೇರಿ ಮಾಡಿಸಿ. ಆಮೇಲೆ ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್ ಎಳೆಸಿ (ಪೈಪಿನೊಳಗಿನ ಗಾಳಿ, ತೇವ ಪಂಪಿನಿಂದ ತೆಗೆಸಿ), ಪಂಪು ನಿಲ್ಲಿಸಿದ ಮೇಲೂ ಆ ವ್ಯಾಕ್ಯೂಮ್ ಹಾಗೇ ಉಳಿಯುತ್ತದೆಯೇ ನೋಡಿ, ಆಮೇಲಷ್ಟೇ ತುಂಬಿಸಿ. ಇಷ್ಟನ್ನು ಯಂತ್ರ ಇರುವವರಿಗೇ ಬಿಡುವುದು ಒಳ್ಳೆಯದು.

ಸೋರಿಕೆ ಹುಡುಕುವುದು ಅಷ್ಟು ಕಷ್ಟವಲ್ಲ. ಯಾವ ಜಾಯಿಂಟ್‌ನಲ್ಲಿ ಎಣ್ಣೆ ಜಿಡ್ಡಿಗೆ ಧೂಳು ಅಂಟಿದೆಯೋ ಅಲ್ಲಿ ಮೊದಲು ಅನುಮಾನಪಡಿ. ಸೋರಿಕೆ ಮುಚ್ಚುತ್ತದೆ ಎಂದು ಮಾರುವ 'ಸ್ಟಾಪ್ ಲೀಕ್' ಡಬ್ಬಿಯ ಹತ್ತಿರವೂ ಸುಳಿಯಬೇಡಿ. ಅದು ಒಳಗೆ ಗಟ್ಟಿಯಾಗಿ ವಾಲ್ವನ್ನೇ ಕಟ್ಟಬಹುದು. ಅದನ್ನು ಹಾಕಿದ ಗಾಡಿಗೆ ತಮ್ಮ ಯಂತ್ರ ಜೋಡಿಸಲು ಮೆಕ್ಯಾನಿಕ್‌ಗಳೂ ಹಿಂಜರಿಯುತ್ತಾರೆ. ಗಾಡಿ 1990ರ ದಶಕದ ಆರಂಭದ್ದೋ ಅದಕ್ಕಿಂತ ಹಳೆಯದೋ ಆಗಿದ್ದರೆ ಅದರಲ್ಲಿ ಆರ್-134ಎಗಿಂತ ಹಿಂದಿನ ಆರ್-12 ಗ್ಯಾಸ್ ಇರಬಹುದು. ಅದರ ಎಣ್ಣೆಯೇ ಬೇರೆ, ಎರಡನ್ನೂ ಬೆರೆಸಬಾರದು.

5. ಎಲ್ಲ ಸರಿ, ಆದರೂ ಬಿಸಿ

ಗೇಜ್ ಸರಿಯಿದೆ, ಕ್ಯಾಬಿನ್‌ನಿಂದ ಹೊರಬರುವ ದಪ್ಪ ಪೈಪು ತಣ್ಣಗಿದ್ದು ಬೆವರುತ್ತಿದೆ. ಹಾಗಿದ್ದೂ ಒಳಗೆ ಉಗುರುಬೆಚ್ಚನೆ ಗಾಳಿ ಬರುತ್ತಿದ್ದರೆ ಹೀಟರ್‌ನ ಬಿಸಿ ಬೆರೆಯುತ್ತಿದೆ. ಇಂಜಿನ್ ತಣ್ಣಗಿದ್ದಾಗ ಹೀಟರ್‌ಗೆ ಹೋಗುವ ರಬ್ಬರ್ ಹೋಸನ್ನು ಮೆತ್ತನೆಯ ಕ್ಲಾಂಪಿನಿಂದ ಅದುಮಿ. ಸ್ಟಾರ್ಟ್ ಮಾಡಿ ಕೆಲವು ನಿಮಿಷ ಎಸಿ ಓಡಿಸಿ. ತಂಪಾಯಿತಾ? ಹಾಗಾದರೆ ದೋಷ ಡ್ಯಾಶ್‌ಬೋರ್ಡ್ ಒಳಗೆ ಬಿಸಿ-ತಣ್ಣನೆ ಗಾಳಿ ಬೆರೆಸುವ ಫ್ಲ್ಯಾಪ್‌ನದ್ದು ಅಥವಾ ಹೀಟರ್ ವಾಲ್ವ್‌ನದ್ದು, ಗ್ಯಾಸಿನದ್ದಲ್ಲ. ಕ್ಲಾಂಪ್ ತೆಗೆಯಲು ಮರೆತು ಬಾನೆಟ್ ಮುಚ್ಚಬೇಡಿ.